ಬ್ಯಾಂಡೇಜಿನ ಶಿವದಾರ

"ಬ್ಯಾಂಡೇಜಿನ್ಯಾಗ ದೇವರ್ನ ಕಟ್ಟೀಯಲ್ಲಲೇ ಹಲ್ಕಟ್ ರಂಡಿ. ನಿಮ್ಮ ತಾಂಡಾದಾಗ ದೇವರಿಗೆ ಹಿಂಗ ಚಿಂದಿ ಸುತ್ತತೀರೇನ?"

ಬೈಯುತ್ತಿದ್ದವನು ದಾನಪ್ಪ. ಧಾರವಾಡ ಕಡೆಯವನು, ಮಡಗಾಂವದಲ್ಲಿ ಬಟ್ಟೆ ಅಂಗಡಿ ಇಟ್ಟವನು. ಬೈಸಿಕೊಳ್ಳುತ್ತಿದ್ದವಳು ಲಾಲಿಬಾಯಿ. ಒಳಗೆ ಮಂಚದ ಮೇಲಿದ್ದ ಮುದುಕಿ ನೀಲಗಂಗಾ, ದಾನಪ್ಪನ ತಾಯಿ.

ಅದೇ ಊರಿನ ಫಾತೋರ್ಡಾದ ಆ ವೃದ್ಧಾಶ್ರಮದಲ್ಲಿ ಲಾಲಿಬಾಯಿ ರಾತ್ರಿ ಪಾಳಿಯವಳು. ಸಂಬಂಧಿಕರ ಎದುರು ಮೇಟ್ರನ್ ಅವಳನ್ನು ನರ್ಸ್ ಅನ್ನುತ್ತಿದ್ದಳು, ಅವರು ಹೋದ ಮೇಲೆ ಲಮಾಣಿ. ಮುದುಕಿಯರ ಹೇಲು ಉಚ್ಚೆ ತೊಳೆಯುವುದು, ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸುವುದು, ಹುಣ್ಣಾದರೆ ಔಷಧ ಹಚ್ಚುವುದು ಅವಳ ಕೆಲಸ. ಹಿತ್ತಲಿನ ತಗಡಿನ ಖೋಲಿಯೂ ಆ ಕೆಲಸದ ಜೊತೆಗೇ ಸಿಕ್ಕಿತ್ತು. ಕೊರ್ತಾಲಿಮ್ ಹತ್ತಿರ ಹೊಸ ರೈಲು ಸೇತುವೆಯ ಕೆಲಸದಲ್ಲಿ ಬಿದ್ದು ಸೊಂಟ ಮುರಿದುಕೊಂಡ ಗಂಡ ಮೋತಿಲಾಲ ಅಲ್ಲೇ ಮಲಗಿರುತ್ತಿದ್ದ. ಕೆಲಸ ಹೋದರೆ ಅವನನ್ನು ಹೊತ್ತುಕೊಂಡು ಎಲ್ಲಿಗೆ ಹೋಗಬೇಕೆಂದು ಅವಳಿಗೆ ಗೊತ್ತಿರಲಿಲ್ಲ.

ಆಗಿದ್ದಿಷ್ಟು. ಹಿಂದಿನ ರಾತ್ರಿ ಮುದುಕಿಯನ್ನು ಹೊರಳಿಸುವಾಗ ಕೊರಳಿನ ಶಿವದಾರ ಹರಿದು, ಲಿಂಗವಿದ್ದ ಬೆಳ್ಳಿ ಕರಡಿಗೆ ಹೊಲಸಾದ ಹಾಸಿಗೆಯೊಳಗೆ ಬಿತ್ತು. ಎಚ್ಚರವಾದಾಗಲೆಲ್ಲ ಮುದುಕಿ ಎದೆ ತಡಕುತ್ತಿತ್ತು. ಕರಡಿಗೆ ಕೈಗೆ ಸಿಗದಿದ್ದರೆ ನೀರೂ ಕುಡಿಯುತ್ತಿರಲಿಲ್ಲ. ಲಾಲಿಬಾಯಿ ಅದನ್ನು ನಲ್ಲಿಯಲ್ಲಿ ತೊಳೆದಳು. ಕಟ್ಟಲು ಬೇರೆ ದಾರ ಸಿಗಲಿಲ್ಲ. ಬ್ಯಾಂಡೇಜಿನ ಅಂಚು ಹರಿದು, ಹೊಸೆದು, ಕಟ್ಟಿದಳು. ಮುದುಕಿ ತಡಕಿ ನೋಡಿ, ನೀರು ಕುಡಿದು ಮಲಗಿತು. ಮಧ್ಯಾಹ್ನ ತಾಯಿಯನ್ನು ನೋಡಲು ಬಂದ ದಾನಪ್ಪನ ಕಣ್ಣಿಗೆ ಅದು ಬಿತ್ತು. ಸಂಜೆ ಲಾಲಿಬಾಯಿ ಪಾಳಿಗೆ ಬರುವ ಹೊತ್ತಿಗೆ ಅಡಿವೆಯ್ಯ ಸ್ವಾಮಿಯನ್ನು ಕರೆತಂದು ಕಾಯುತ್ತಿದ್ದ.

ಅಡಿವೆಯ್ಯ ನೀರು ಚಿಮುಕಿಸಿ, ವಿಭೂತಿ ಹಚ್ಚಿ, ಹೊಸ ದಾರ ಕಟ್ಟಿ ಮುಗಿಸಿದ್ದ. ಇನ್ನು ಮುಂದೆ ಈಕೆ ಮುದುಕಿಯನ್ನು ಮುಟ್ಟಕೂಡದು ಅಂದ. ಹಾಗಾದರೆ ತೊಳೆಯುವವರು ಯಾರು ಅಂತ ಮೇಟ್ರನ್ ಮುರುಕು ಹಿಂದಿಯಲ್ಲಿ ಕೇಳಿದಳು. ಅಡಿವೆಯ್ಯ ಸ್ವಲ್ಪ ಯೋಚಿಸಿದ.

"ಕೆಳಗಿಂದು ಹ್ಯಾಂಗೂ ಹೊಲಸ ಐತಿ, ಅದನ್ನ ಆಕೀನ ಮಾಡ್ಲಿ. ನಡಾ ಮ್ಯಾಲೆ ಮುಟ್ಟಂಗಿಲ್ಲ."

"ಹೆಗಲ ಹಿಡೀಲಾರ್ದ ಹ್ಯಾಂಗ ಹೊಳ್ಳಸ್ಲಿ ರೀ ಅಯ್ಯಾರ? ಬೆನ್ನಿಗೆ ಹುಣ್ಣ ಆಗ್ಯಾವ್ರಿ."

"ಕಾಲ ಹಿಡದ ಜಗ್ಗು," ಅಂದ ದಾನಪ್ಪ. "ದನಾ ಜಗ್ಗಿಲ್ಲೇನ ಎಂದೂ?"

ಮೇಟ್ರನ್‌ಗೆ ಮಾತು ಬೇಗ ಮುಗಿಯಬೇಕಿತ್ತು. ಸೇಠನ ಕಾಲಿಗೆ ಬೀಳು, ಇಲ್ಲವೆಂದರೆ ಈಗಲೇ ಖೋಲಿ ಖಾಲಿ ಮಾಡು ಅಂದಳು. ಲಾಲಿಬಾಯಿ ಬಗ್ಗಿದಳು. ದಾನಪ್ಪ ಕಾಲು ಹಿಂದಕ್ಕೆಳೆದುಕೊಂಡ.

"ದೂರಿಂದ ಬೀಳು."

ಅವಳು ದೂರದಿಂದಲೇ ನೆಲಕ್ಕೆ ಹಣೆ ಹಚ್ಚಿದಳು. ನೆಲ ತಣ್ಣಗಿತ್ತು, ಫಿನಾಯಿಲ್ ನಾರುತ್ತಿತ್ತು. ಸಿಟ್ಟು ಬರಬಹುದೆಂದು ಕಾದಳು. ಬರಲಿಲ್ಲ. ಅಳುವೂ ಬರಲಿಲ್ಲ. ಎದ್ದು ನಿಂತಳು.

ಅಷ್ಟರಲ್ಲಿ ಒಳಗೆ ಮುದುಕಿ ಹಾಸಿಗೆಯಲ್ಲೇ ಹೇತುಕೊಂಡಿತು. ವಾಸನೆ ಬಾಗಿಲ ತನಕ ಬಂತು. ಮೂವರೂ ಲಾಲಿಬಾಯಿಯ ಕಡೆ ನೋಡಿದರು. ಅವಳು ಹೋಗಿ ಬೋಗುಣಿಯಲ್ಲಿ ಬಿಸಿನೀರು, ಹಳೆ ಬಟ್ಟೆ ತಂದಳು. ತಂದು ದಾನಪ್ಪನ ಮುಂದೆ ಇಟ್ಟಳು.

"ನೀವ ಮಾಡ್ರಿ."

"ಏನಂದಿ?"

"ನಿಮಗ ನಡಾ ಮ್ಯಾಲೂ ಮುಟ್ಟಾಕ ಬರತೈತಿ, ಕೆಳಗೂ ಬರತೈತಿ. ಬಲಕ್ಕ ಹೊಳ್ಳಸ್ರಿ. ಎಡಮಗ್ಗಲಿಗಿ ಹುಣ್ಣ ಒಡದೈತಿ."

ಅಡಿವೆಯ್ಯ ಪೂಜೆಯ ಹೊತ್ತಾಯಿತೆಂದು ಗೊಣಗಿ ಚೀಲ ಎತ್ತಿಕೊಂಡು ಹೊರಟುಹೋದ. ಮೇಟ್ರನ್ ಖೋಲಿಯ ಕೀಲಿ ಕೇಳತೊಡಗಿದಳು. ಲಾಲಿಬಾಯಿ ಸೆರಗಿನಿಂದ ಕೀಲಿ ಬಿಚ್ಚಿ ಕೊಟ್ಟು ಬಾಗಿಲ ಹೊರಗಿನ ಬೆಂಚಿನ ಮೇಲೆ ಕುಳಿತಳು. ದಾನಪ್ಪ ಇನ್ನೊಬ್ಬ ಆಯಾಳನ್ನು ಕರೆಯಿರಿ ಅಂದ. ಆ ಹೊತ್ತಿಗೆ ಇನ್ನೊಬ್ಬಳು ಇರಲಿಲ್ಲ. ಕಡೆಗೆ ತೋಳು ಮಡಚಿ, ಬೋಗುಣಿ ಹಿಡಿದು ಅವನೇ ಒಳಗೆ ಹೋದ.

ಎಡಕ್ಕೇ ಹೊರಳಿಸಿದ.

ಮುದುಕಿ ಕಿರುಚಿತು. ಮಗನ ಹೆಸರಲ್ಲ. "ಲಾಲೀ, ಎವ್ವಾ, ಲಾಲೀ." ಲಾಲಿಬಾಯಿಯ ಕೈಗಳು ತಾವಾಗಿಯೇ ಮೇಲೆದ್ದವು. ಅವಳು ಅವುಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡಳು. ಒಳಗಿನಿಂದ ಕೂಗು ಬರುತ್ತಲೇ ಇತ್ತು. ಅವಳು ಕೈಗಳ ಮೇಲೆ ಭಾರ ಹಾಕಿ ಕುಳಿತಳು.