ಕ್ಯಾಸೆಟ್ ತಿರುವಿದಾಗ ಬಿಟ್ಟುಹೋದ ಎರಡು ಸಾಲು

"ಇಲ್ಲಿ ಏನೋ ಬಿಟ್ಟುಹೋಗ್ತಿದೆಯಲ್ಲ, ಏನದು?"

ಕದಮ್‌ಶೋ ಅಣ್ಣ ಕೇಳಿದ್ದು ನನ್ನನ್ನಲ್ಲ, ಯಾರನ್ನೂ ಅಲ್ಲ. ತನ್ನ ಮನೆಯ ಕಂಬಕ್ಕೆ ಬೆನ್ನು ಕೊಟ್ಟು, ಮಡಿಲಲ್ಲಿ ಅಪ್ಪನ ತಂತಿವಾದ್ಯ ರುಬಾಬ್ ಇಟ್ಟುಕೊಂಡು, ಸೂರಿನ ಬೆಳಕಿಂಡಿಯ ಕಡೆ ಮುಖ ಮಾಡಿ ಕೇಳಿದ. ನಾನು ಒಲೆಯ ಪಕ್ಕ ಕೂತು ಏಪ್ರಿಕಾಟ್ ಬೀಜ ಒಡೆಯುತ್ತಿದ್ದೆ. ಕಲ್ಲು ಎತ್ತಿದ ಕೈ ಹಾಗೇ ನಿಂತಿತು. ಒಂಬತ್ತು ವರ್ಷದಿಂದ ನಾನು ಹೆದರಿಕೊಂಡು ಕಾಯುತ್ತಿದ್ದ ಪ್ರಶ್ನೆ ಅದು.

ನಮ್ಮಪ್ಪ ನಜರ್ದೋದ್ ಸಾವಿನ ಮನೆಗಳಲ್ಲಿ ಹಾಡುತ್ತಿದ್ದವರು. ಮೂರು ಸಂಜೆ ಕೂತು, ರುಬಾಬ್ ನುಡಿಸುತ್ತ, ಹಳೆಯ ಸ್ತುತಿಪದ್ಯ ಹೇಳಿ ಹೋದ ಜೀವವನ್ನು ಕಳಿಸಿಕೊಡುತ್ತಿದ್ದರು. ಅಣ್ಣನಿಗೆ ಹನ್ನೆರಡಾದಾಗ ಆ ರುಬಾಬನ್ನು ಅವನ ಕೈಗೆ ಕೊಡಲು ಹೋದರು. "ಬೇಡಪ್ಪ, ಇದಕ್ಕೆ ಚಕ್ರ ಇಲ್ಲ" ಎಂದು ಅವನು ಲಾರಿ ನೋಡಲು ರಸ್ತೆಗೆ ಓಡಿದ. ಅಪ್ಪ ನಕ್ಕರು. ಆಮೇಲೆ ಬಹಳ ಹೊತ್ತು ತಂತಿಗಳನ್ನು ಒರೆಸುತ್ತ ಕೂತರು. ಏಳು ವರ್ಷದ ನಾನು ಅವರ ಮೊಣಕಾಲಿನ ಪಕ್ಕದಲ್ಲೇ ಇದ್ದೆ. ನನಗೆ ಯಾರೂ ಕೊಡಲು ಬರಲಿಲ್ಲ. ಹೆಣ್ಣುಮಕ್ಕಳು ದಫ್ ಬಡಿಯಬಹುದು, ಸಾವಿನ ಮನೆಯ ರುಬಾಬ್ ಗಂಡಸರದ್ದು. ಪದ್ಯಗಳು ಮಾತ್ರ ಯಾರ ಅಪ್ಪಣೆಯನ್ನೂ ಕೇಳದೆ ನನ್ನ ಕಿವಿಯೊಳಗೆ ಬಂದು ಕೂತವು.

ಅಪ್ಪ ತೀರಿಕೊಂಡಾಗ ಅಣ್ಣನಿಗೆ ನಲವತ್ತೆಂಟು. ಇಪ್ಪತ್ತೈದು ವರ್ಷ ಓಶ್ ಪಟ್ಟಣದ ದಾರಿಯಲ್ಲಿ ಲಾರಿ ಓಡಿಸಿದವನು. ಊರೂರಿನವರನ್ನು ಹಾಡಿ ಕಳಿಸಿದ ಅಪ್ಪನಿಗೆ ಹಾಡಲು ನಮ್ಮ ಹಳ್ಳಿಯಲ್ಲಿ ಒಬ್ಬರೂ ಇರಲಿಲ್ಲ. ನದಿಯ ಕೆಳಗಿನ ಊರಿನಿಂದ ಕರೆಸಿದ ಹಾಡುಗಾರ ಬಂದದ್ದು ಎರಡನೆಯ ದಿನ. ಅವನು ಹಾಡಿದಷ್ಟು ಹೊತ್ತೂ ಅಣ್ಣ ಬಾಗಿಲ ಹತ್ತಿರ ನಿಂತೇ ಇದ್ದ, ಒಳಗೆ ಬಂದು ಕೂರಲಿಲ್ಲ. ನಲವತ್ತನೆಯ ದಿನ ಕಳೆದ ಮೇಲೆ, ಮೇಕೆಚರ್ಮ ಬಿಗಿದ ಆ ರುಬಾಬನ್ನು ಗೋಡೆಯಿಂದ ಇಳಿಸಿದ.

ಲಾರಿಯ ನಟ್ಟು ಬಿಗಿದು ಬಿಗಿದು ದಪ್ಪಗಾಗಿದ್ದ ಬೆರಳುಗಳು. ಒಂದು ತಂತಿ ಒತ್ತಲು ಹೋದರೆ ಎರಡು ಒತ್ತುತ್ತಿದ್ದವು.

"ಮೇಕೆ ಸತ್ತ ಮೇಲೂ ಅದರ ಚರ್ಮಕ್ಕೆ ನೆಮ್ಮದಿ ಕೊಡಲ್ವಲ್ಲ ಈ ಮನುಷ್ಯ!" ಎಂದು ಜೈತೂನ್ ಅತ್ತಿಗೆ ಅಂಗಳದಿಂದ ಕೂಗುತ್ತಿದ್ದಳು.

"ನನ್ನ ಗೊರಕೆ ತಡ್ಕೊಂಡಿದ್ದೀಯ, ಇದನ್ನೂ ತಡ್ಕೋ ಮಾರಾಯ್ತಿ."

"ಗೊರಕೆಗೆ ತಾಳ ಇತ್ತು ಕಣ್ರೀ!"

ಕಲಿಸುವವರು ಯಾರೂ ಇರಲಿಲ್ಲ. ಅಪ್ಪ ಹಾಡಿದ್ದ ಒಂದೇ ಒಂದು ಕ್ಯಾಸೆಟ್ ಇತ್ತು. ಅದನ್ನೇ ಹಾಕುವುದು, ನಾಲ್ಕು ಮಾತು ಕೇಳುವುದು, ನಿಲ್ಲಿಸುವುದು, ನುಡಿಸುವುದು, ಮತ್ತೆ ಹಿಂದಕ್ಕೆ ಸುತ್ತುವುದು. ಎರಡು ಚಳಿಗಾಲ ಹೀಗೇ ಹೋದವು. ಮೂರನೆಯ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ನಾನು ಕಾಲುವೆಯಾಚೆಯ ನನ್ನ ಮನೆಯಿಂದ ಬರುತ್ತಿದ್ದವಳು ಅವರ ಬಾಗಿಲಲ್ಲೇ ನಿಂತುಬಿಟ್ಟೆ. ಕ್ಯಾಸೆಟ್ ಹಾಕಿದ್ದಾನೆ ಅಂದುಕೊಂಡೆ. ಒಳಗೆ ಹೋಗಿ ನೋಡಿದರೆ ಅವನೇ.

ಜೀವಮಾನವೆಲ್ಲ ಕೇಳಿದವಳು ನಾನು, ಅಳೆದೇ ಹೇಳುತ್ತೇನೆ: ಕೊನೆಕೊನೆಗೆ ಅಣ್ಣ ಅಪ್ಪನಿಗಿಂತ ಚೆನ್ನಾಗಿ ನುಡಿಸಿದ. ಅಪ್ಪನ ಕೈ ಪದ್ಯವನ್ನು ಎಳೆದುಕೊಂಡು ಹೋಗುತ್ತಿತ್ತು. ಅಣ್ಣನ ಕೈ ಪದ್ಯಕ್ಕಾಗಿ ಕಾಯುತ್ತಿತ್ತು. ತಡವಾಗಿ ಬಂದವನಿಗೆ ಪ್ರತಿ ಮೀಟೂ ದಯೆಯಿಂದ ಸಿಕ್ಕಿದ್ದು ಅನ್ನಿಸುತ್ತದೆಯೋ ಏನೋ.

ಅವನು ಮೊದಲು ಹಾಡಿದ್ದು ಸದಫ್ ಅತ್ತೆ ಸತ್ತಾಗ. ಎಲ್ಲಕ್ಕಿಂತ ಕೊನೆಯ ಪದ್ಯದಲ್ಲಿ, ಉಳಿದವರೆಲ್ಲರ ಪರವಾಗಿ ಹಾಡುಗಾರ ಹೋದವರ ಕ್ಷಮೆ ಕೇಳುವ ಎರಡು ಸಾಲು ಬರುತ್ತವೆ. ಅಣ್ಣ ಅವನ್ನು ದಾಟಿಕೊಂಡು ಮುಂದೆ ಹೋದ. ನನಗೆ ತಕ್ಷಣ ಗೊತ್ತಾಯಿತು: ಕ್ಯಾಸೆಟ್ಟಿನ ಒಂದು ಮಗ್ಗುಲು ಅಲ್ಲಿಗೆ ಮುಗಿದಿತ್ತು, ಯಾರೋ ತಿರುವಿ ಹಾಕುವಷ್ಟರಲ್ಲಿ ಅಪ್ಪ ಆ ಎರಡು ಸಾಲು ಹಾಡಿ ಮುಗಿಸಿದ್ದರು. ಅಷ್ಟು ಹೊತ್ತಿಗೆ ಮನೆಯೆಲ್ಲ ಅಳುತ್ತಿತ್ತು, ಸಾಲು ಎಣಿಸುವವರು ಯಾರು?

ಹಾಡುಗಾರ ರುಬಾಬನ್ನು ತುಟಿಗೂ ಹಣೆಗೂ ಮುಟ್ಟಿಸಿಕೊಂಡ ಮೇಲೆ, ಅದು ಗೋಡೆಗೆ ಮರಳುವ ತನಕ ಬೇರೆಯವರು ಬಾಯಿ ತೆರೆಯುವಂತಿಲ್ಲ. ಅವತ್ತು ಸುಮ್ಮನಿದ್ದದ್ದು ಆ ಪದ್ಧತಿಗಾಗಿ. ಮರುದಿನ ಅವನೇ ಬಂದು, ಶಾಲೆಯ ಹುಡುಗನ ಹಾಗೆ, "ಹೇಗಿತ್ತೇ ಸದ್‌ಬರ್ಗ್?" ಎಂದ.

"ಅಪ್ಪ ಕೇಳಬೇಕಿತ್ತು" ಎಂದೆ. ಸುಳ್ಳಲ್ಲ ಅದು. ಆದರೆ ಹೇಳಬೇಕಾದದ್ದು ಅದಲ್ಲ.

ಒಂದು ಮಾತು ತಪ್ಪು ಎಂದರೆ ರುಬಾಬ್ ಇನ್ನೆಂದೂ ಇಳಿಯದಂತೆ ಗೋಡೆ ಸೇರುತ್ತದೆ ಎಂದು ಮೊದಲ ವರ್ಷ ಕನಿಕರಪಟ್ಟೆ. ಆಮೇಲೆ ಅವನ ಕೈ ಬಲವಾಯಿತು, ಮೂರು ಊರಿನವರು ಅವನನ್ನೇ ಕರೆದರು. ಆಗಲೂ ಹೇಳಲಿಲ್ಲ. ಪ್ರತಿ ಮನೆಯಲ್ಲೂ ಆ ಜಾಗ ಬಂದಾಗ ತುಟಿ ಮುಚ್ಚಿಕೊಂಡು ಎರಡು ಸಾಲನ್ನು ನಾನೇ ಹೇಳಿಕೊಂಡೆ, ಸತ್ತವರಿಗೆ ಅಷ್ಟು ಸಾಕು ಎಂದುಕೊಂಡೆ. ನಿಜ ಹೇಳಬೇಕೆಂದರೆ, ಅಪ್ಪ ಬಿಟ್ಟುಹೋದದ್ದರಲ್ಲಿ ಅವೆರಡು ಸಾಲು ಮಾತ್ರ ನನ್ನವಾಗಿದ್ದವು. ಬೇಡ ಎಂದು ಓಡಿದವನಿಗೆ ತಡವಾಗಿಯಾದರೂ ಎಲ್ಲವೂ ಸಿಕ್ಕಿತು. ಇದನ್ನೂ ಕೊಟ್ಟರೆ ನನಗೇನು ಉಳಿಯುತ್ತದೆ?

"ಕೈ ಒಂದು ಕಡೆ ಹೋಗುತ್ತೆ, ಮಾತು ಇಲ್ಲ" ಎಂದು ಈಗ ಕಂಬದ ಬಳಿ ಅಣ್ಣ ಗೊಣಗಿ ಮತ್ತೆ ನುಡಿಸಿದ. ಅದೇ ಜಾಗಕ್ಕೆ ಬಂದು ನಿಂತ.

ನಾನು ಕಲ್ಲು ಕೆಳಗಿಟ್ಟು ಹೇಳಿದೆ:

"ಹೋಗುವ ಜೀವವೇ, ಹೊಸ್ತಿಲಲಿ ಚಣ ನಿಲ್ಲು;
ತಡವಾಗಿ ಬಂದೆವು, ಮನ್ನಿಸಿ ಮುಂದೆ ಸಲ್ಲು."

ಅವನ ಬೆರಳು ತಾನಾಗಿಯೇ ಆ ಸಾಲುಗಳ ಮೇಲೆ ನಡೆಯಿತು. ಪದ್ಯ ಕೂಡಿಕೊಂಡಿತು. ಅವನ ಮುಖ ಅರಳಿತು, ನಂತರ ಬಾಡಿತು.

"ನಿನಗೆ ಇದು ಯಾವಾಗಿಂದ ಗೊತ್ತು?"

"ಏಳು ವರ್ಷದವಳಾಗಿದ್ದಾಗಿಂದ."

"ಸದಫ್ ಅತ್ತೆ ಮನೇಲಿ?"

"ಗೊತ್ತಿತ್ತು."

ಅವನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಅಷ್ಟರಲ್ಲಿ ಮೇಲಿನ ಊರಿನ ಮುಲ್ಕಮೋನ್ ಎಂಬವನು ಟೋಪಿ ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದ. "ಅಮ್ಮ ಬೆಳಿಗ್ಗೆ ಹೋಗ್ಬಿಟ್ಟಳು, ಕದಮ್‌ಶೋ ಅಣ್ಣ. ನೀನೇ ಹಾಡಬೇಕು ಅಂತ ಹೇಳಿದ್ದಳು."

"ನಡಿ, ಹಿಂದೇನೇ ಬರ್ತೀನಿ."

ಅವನು ಹೋದ ಮೇಲೆ ಅಣ್ಣ ಕೈಕಾಲು ತೊಳೆದು ಬಂದು, ರುಬಾಬನ್ನು ಬಟ್ಟೆಯಲ್ಲಿ ಸುತ್ತತೊಡಗಿದ.

"ಇವತ್ತು ಹಾಡೋಕೆ ಮುಂಚೆ ಎಲ್ಲರ ಮುಂದೆ ಹೇಳ್ತೀನಿ. ಯಾರ್ಯಾರ ಮನೇಲಿ ಈ ಮಾತು ಬಿಟ್ಟಿದ್ದೀನೋ ಅಲ್ಲಿಗೆಲ್ಲ ಹೋಗಿ ಹಾಡಿ ಬರ್ತೀನಿ."

"ನಿನ್ನ ತಪ್ಪಲ್ಲ ಅಣ್ಣ, ಕ್ಯಾಸೆಟ್ಟಿಂದು."

"ಕ್ಯಾಸೆಟ್ಟಿಂದು ಒಂದು ದಿನದ ತಪ್ಪು."

ಊರಿನ ಹೆಂಗಸರು ಪದ್ಯ ಮರೆತರೆ ನನ್ನ ಬಳಿ ಬರುತ್ತಾರೆ. ಸದ್‌ಬರ್ಗ್ ಹೇಳಿದರೆ ಸರಿ ಎನ್ನುತ್ತಾರೆ. ಅವರಲ್ಲಿ ಪ್ರತಿಯೊಬ್ಬಳೂ ಈ ಒಂಬತ್ತು ವರ್ಷದಲ್ಲಿ ಒಬ್ಬರನ್ನಾದರೂ ಕಳೆದುಕೊಂಡವಳೇ. ಅವರೆಲ್ಲರ ಕಣ್ಣು ಒಟ್ಟಿಗೆ ನನ್ನ ಕಡೆ ತಿರುಗುವುದು ನನಗೆ ಆಗಲೇ ಕಾಣುತ್ತಿತ್ತು.

"ಹೇಳು, ಎಲ್ಲಾ ಹೇಳು" ಎಂದು ಅವನ ತೋಳು ಹಿಡಿದುಕೊಂಡೆ. "ನನಗೆ ಮೊದಲಿಂದಲೂ ಗೊತ್ತಿತ್ತು ಅನ್ನೋದೊಂದನ್ನ ಮಾತ್ರ ಬಿಟ್ಟುಬಿಡು. ಇದೊಂದು ನಡೆಸಿಕೊಡು, ಅಣ್ಣ."

ಅವನು ಮೆಲ್ಲಗೆ ನನ್ನ ಕೈ ಬಿಡಿಸಿದ.

"ಇಲ್ಲ ಸದ್‌ಬರ್ಗ್. ಇನ್ನು ಏನನ್ನೂ ಬಿಡಲ್ಲ."