ಎಡಗೈಯಲ್ಲಿದ್ದ ಗಗನನೌಕೆ

"ನಿಧಾನ, ರೆಕ್ಕೆ ಮುರಿದೀತು!" ಎಂದು ನಾದಿನಿ ಕೂಗುವಷ್ಟರಲ್ಲಿ ಪಕ್ಕದ ಮನೆಯಾಕೆ ಕಪಾಟಿನ ಕೊನೆಯ ಹಲಗೆಯ ಆಟಿಕೆ ಗಗನನೌಕೆಗಳನ್ನೂ ಬಾಚಿ ಬಟ್ಟೆ ಒಗೆಯುವ ಟಬ್ಬಿಗೆ ಸುರಿದಾಗಿತ್ತು. ಕಪಾಟು ಹೊರಗೆ ಹೋಗದೆ ಮಂಚ ಒಳಗೆ ಬರುವಂತಿರಲಿಲ್ಲ. ಮಂಚ ಬರದೆ ಲಿಫ್ಟಣ್ಣನನ್ನು ಮಲಗಿಸುವಂತಿರಲಿಲ್ಲ. ಆ ಕೋಣೆಯಲ್ಲಿ ಮನುಷ್ಯರಿಗಿಂತ ಪ್ಲಾಸ್ಟಿಕ್ಕಿಗೇ ಯಾವಾಗಲೂ ಹೆಚ್ಚು ಜಾಗ.

ಲಿಫ್ಟ್ ರಿಪೇರಿ ಅವನ ಕೆಲಸ, ಹಾಗಾಗಿ ಬೀದಿಗೆಲ್ಲ ಅವನು ಲಿಫ್ಟಣ್ಣ. ನಿನ್ನೆ ಯಾವುದೋ ಬಟ್ಟೆ ಅಂಗಡಿಯ ಲಿಫ್ಟ್ ಸರಿಮಾಡಿ ಮನೆಗೆ ಬಂದು, ಬೂಟು ಬಿಚ್ಚಲು ಬಗ್ಗಿದವನು ಮತ್ತೆ ಏಳಲಿಲ್ಲ. ಕೆಲಸವಿಲ್ಲದ ಹೊತ್ತೆಲ್ಲ ಹಳೆಯ ಆಟಿಕೆ ಗಗನನೌಕೆಗಳ ಹಿಂದೆ ಬಿದ್ದಿರುತ್ತಿದ್ದ. ಅವನು ಚಿಕ್ಕವನಿದ್ದಾಗ ಅಂಗಡಿಗಳಲ್ಲಿದ್ದು ಆಮೇಲೆ ಕಾಣೆಯಾದ ಮಾಲು. ಗುಜರಿ ಅಂಗಡಿ, ಮನೆ ಖಾಲಿ ಮಾಡುವವರ ಬಾಗಿಲು, ಎಲ್ಲೆಲ್ಲಿಂದಲೋ ಹೆಕ್ಕಿ ತರುತ್ತಿದ್ದ. ಬಿಸಿಲು ಬಿದ್ದರೆ ಬಿಳಿ ಪ್ಲಾಸ್ಟಿಕ್ಕು ಹಳದಿಯಾಗುತ್ತದೆಂದು ಆ ಕೋಣೆಯ ಪರದೆ ಸರಿಸಲು ಯಾರನ್ನೂ ಬಿಡುತ್ತಿರಲಿಲ್ಲ. ಈಗ ಪರದೆ ಪೂರ್ತಿ ತೆರೆದಿತ್ತು, ಬೈಯುವವನು ಸುಮ್ಮನೆ ಮಲಗಿದ್ದ.

"ಅಮ್ಮಾ, ಅಪ್ಪನ ಜೊತೆ ಒಂದನ್ನ ಇಟ್ಟು ಕಳಿಸೋಣ," ಎಂದಳು ಮಗಳು. "ಎಲ್ಲಕ್ಕಿಂತ ಇಷ್ಟವಾಗಿದ್ದನ್ನ. ಯಾವುದದು?"

ಲಿಫ್ಟಣ್ಣನ ಹೆಂಡತಿ ಟಬ್ಬಿನತ್ತ ನೋಡಿದಳು. ಅವನ ಯಾವ ಮಂಡಿ ನೋಯುತ್ತದೆ, ಯಾವ ಅಂಗಿಯ ಕಾಲರು ಚುಚ್ಚುತ್ತದೆ, ಎಲ್ಲ ಗೊತ್ತು. ಇದೊಂದು ಗೊತ್ತಿರಲಿಲ್ಲ. ಜೊತೆಯಲ್ಲಿ ಬದುಕಿದವಳಿಗೆ ಇಷ್ಟೂ ಗೊತ್ತಿಲ್ಲವೇ ಎಂದು ಅವಳಿಗೆ ನಾಚಿಕೆಯಾಯಿತು.

"ನೀಲಿದು ಅತ್ತಿಗೆ, ಅನುಮಾನವೇ ಬೇಡ," ಎಂದಳು ನಾದಿನಿ. "ಚಿಕ್ಕವಳಿದ್ದಾಗ ಅಂಥದ್ದೊಂದನ್ನ ತುಳಿದು ಮುರಿದುಬಿಟ್ಟಿದ್ದೆ. ಅಣ್ಣ ಎಷ್ಟೋ ದಿನ ನನ್ನ ಹತ್ರ ಮಾತು ಬಿಟ್ಟಿದ್ದ."

"ಅತ್ತೆ, ನೀಲಿದೇ ಒಂದು ರಾಶಿ ಇದೆ. ನನ್ನ ಕೇಳಿದ್ರೆ ಡಬ್ಬಿಯಲ್ಲಿರೋದು. ಅಪ್ಪ ಅದನ್ನ ಬಿಚ್ಚಿಯೂ ನೋಡಿಲ್ಲ."

"ಬಿಚ್ಚಿ ನೋಡದೇ ಇರೋದು ಇಷ್ಟ ಹೇಗಾಗತ್ತೆ?"

"ಇಷ್ಟ ಅಂತಲೇ ಬಿಚ್ಚಿಲ್ಲ!"

ಕೆಂಪು ಬಣ್ಣದ್ದು ನೋಡೋಕೆ ಲಕ್ಷಣವಾಗಿದೆ ಎಂದು ಪಕ್ಕದ ಮನೆಯಾಕೆ ಅಂದರು. ಅವರನ್ನು ಯಾರೂ ಕೇಳಿರಲಿಲ್ಲ.

*

ಪ್ರತಿ ರಜೆಯ ದಿನ ಬೆಳಿಗ್ಗೆ ಲಿಫ್ಟಣ್ಣ ಮೆತ್ತನೆಯ ಕುಂಚ ಹಿಡಿದು ಒಂದೊಂದರ ಧೂಳು ತೆಗೆಯುತ್ತಿದ್ದ. ಆಮೇಲೆ ಒಂದೊಂದು ಕೈಯಲ್ಲಿ ಒಂದೊಂದು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ಹಾಜರು.

"ಇಲ್ಲಿ ನೋಡೇ. ಇದಾ, ಇದಾ? ಯಾವುದು ಚೆಂದ?"

ಒಲೆಯ ಮೇಲೆ ಹಾಲು ಉಕ್ಕುವುದರಲ್ಲಿರುತ್ತಿತ್ತು. "ಎಡಗಡೇದು."

"ನೋಡದೇನೇ ಹೇಳ್ತೀಯಲ್ಲ?"

"ನೋಡಿದೆ ಕಣ್ರೀ. ಎಡಗಡೇದು. ದಾರಿ ಬಿಡಿ, ಹಾಲು ಉಕ್ಕತ್ತೆ."

ಅವನು ಪಂದ್ಯ ಗೆದ್ದವನಂತೆ ಹೋಗಿ, ಎಡಗೈಯಲ್ಲಿದ್ದದ್ದನ್ನು ಕಪಾಟಿನ ಮುಂದಿನ ಸಾಲಿನಲ್ಲಿ ಮೊದಲನೆಯದಾಗಿ ಇಡುತ್ತಿದ್ದ. ಮುಂದಿನ ರಜೆಗೆ ಅದೇ ಪ್ರಶ್ನೆ, ಅದೇ ಉತ್ತರ. ಬಲಗಡೆಯದು ಎನ್ನುವ ಮನಸ್ಸು ಅವಳಿಗೆ ಒಮ್ಮೆಯೂ ಬರಲಿಲ್ಲ. ಬಲಗಡೆಯದು ಎಂದರೆ ಯಾಕೆ ಎಂದು ಕೇಳಿಯಾನು, ಆಗ ತಿರುಗಿ ನೋಡಬೇಕಾದೀತು.

*

ಜೊತೆಯಲ್ಲಿ ಕೆಲಸ ಮಾಡುತ್ತಿದ್ದವನು ಬಂದ. ಆಳೆತ್ತರ ಮೀರಿದ್ದರಿಂದ ಅವನಿಗೆ ಕಂಬ ಎಂದೇ ಹೆಸರು. ಉಗುರಿನ ಸಂದಿಯ ಗ್ರೀಸು ಹೋಗಿರಲಿಲ್ಲ. ಅವನಿಗೂ ಅದೇ ಪ್ರಶ್ನೆ ಹಾಕಿದರು.

"ಅದು ಅಕ್ಕನಿಗೇ ಗೊತ್ತಿರಬೇಕಲ್ಲ," ಎಂದ ಕಂಬ. "ಆರಿಸ್ತಾ ಇದ್ದದ್ದೇ ಅವರು."

"ನಾನೆಲ್ಲಿ ಆರಿಸಿದೆ?" ಅವಳ ದನಿ ಇಳಿಯಿತು. "ನೋಡ್ತಾನೇ ಇರ್ಲಿಲ್ಲ. ಸುಮ್ನೆ ಎಡಗಡೇದು ಅಂತಿದ್ದೆ."

"ಅದು ಅವನಿಗೂ ಗೊತ್ತಿತ್ತು ಅಕ್ಕ." ಕಂಬನಿಗೆ ನಗು ಬಂತು, ಸಾವಿನ ಮನೆಯೆಂದು ನೆನಪಾಗಿ ನುಂಗಿಕೊಂಡ. "ಕೆಲಸದ ಮಧ್ಯೆ ಕೂತು ಹೇಳ್ತಿದ್ದ. 'ನನ್ನವಳು ತಿರುಗಿಯೂ ನೋಡಲ್ಲ ಕಣೋ, ಯಾವಾಗಲೂ ಎಡಗಡೇದು ಅಂತಾಳೆ. ಅದಕ್ಕೇ ನನಗಿಷ್ಟ ಆಗಿರೋದನ್ನ ಎಡಗೈಲಿ ಹಿಡ್ಕೊಂಡು ಹೋಗ್ತೀನಿ. ಅವಳೂ ಒಪ್ಪಿದ ಹಾಗಾಗತ್ತೆ' ಅಂತ."

ಅವಳೇ ಮೊದಲು ಚೇತರಿಸಿಕೊಂಡಳು.

"ಹಾಗಾದ್ರೆ ಮುಂದಿನ ಸಾಲಿನ ಮೊದಲನೇದು! ಕಳೆದ ರಜೆಗೂ ತಂದು ತೋರಿಸಿದ್ರು. ಅಲ್ಲೇ ಇಟ್ಟಿರ್ತಾರೆ. ಯಾವುದಿತ್ತು ಅಲ್ಲಿ?"

ಎಲ್ಲರೂ ಟಬ್ಬಿನತ್ತ ತಿರುಗಿದರು. ಮುಂದಿನ ಸಾಲು, ಹಿಂದಿನ ಸಾಲು, ಮೇಲಿನ ಹಲಗೆ, ಕೆಳಗಿನ ಹಲಗೆ, ಎಲ್ಲ ಒಂದರ ಮೇಲೊಂದು ಬಿದ್ದಿದ್ದವು.

"ನಾನೇನು ಕನಸು ಕಂಡಿದ್ನಾ?" ಎಂದರು ಪಕ್ಕದ ಮನೆಯಾಕೆ, ಅಳುವ ದನಿಯಲ್ಲಿ.

ಲಿಫ್ಟಣ್ಣನ ಹೆಂಡತಿ ಟಬ್ಬಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ಎತ್ತಿ ನೋಡಿದಳು. ಕಳೆದ ರಜೆಯ ಬೆಳಿಗ್ಗೆಯನ್ನು ಬಲವಂತವಾಗಿ ನೆನಪಿಗೆ ಎಳೆದಳು. ಹಾಲಿನ ಪಾತ್ರೆ ಬಂತು. ಅದರ ಅಂಚಿಗೆ ಏರುತ್ತಿದ್ದ ನೊರೆ ಬಂತು. ಬಾಗಿಲಲ್ಲಿ ಅವನ ಕಾಲು, ಮಡಚಿದ ಪ್ಯಾಂಟು, ಕೊನೆಗೆ ಎಡಗೈಯೂ ಬಂತು, ಹೆಬ್ಬೆರಳಿನ ಕಪ್ಪಾದ ಉಗುರಿನ ಸಮೇತ. ಕೈಯಲ್ಲಿ ಏನಿತ್ತೋ ಅದು ಮಾತ್ರ ಬರಲಿಲ್ಲ. ನಿನ್ನೆಯಿಂದ ಅಳದವಳಿಗೆ ಆಗ ಅಳು ಬಂತು. ಒಂದೇ ಒಂದು ಸಲ ಕತ್ತು ತಿರುಗಿಸಿದ್ದರೆ ಏನು ಗಂಟು ಹೋಗುತ್ತಿತ್ತು?

"ಅಮ್ಮಾ, ವ್ಯಾನಿನವರು ಅವಸರ ಮಾಡ್ತಿದಾರೆ."

ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಎದ್ದಳು. ಹಸಿರು ಬಣ್ಣದ್ದು, ಗಿಡ್ಡ, ಹೊಟ್ಟೆಯ ಕೆಳಗೆ ಪುಟ್ಟ ಚಕ್ರಗಳು.

"ಇದೇನಾ?" ಎಂದಳು ಮಗಳು.

"ಗೊತ್ತಿಲ್ಲ ಕಣೇ. ಇದೂ ಇರಬಹುದು."

ವಿದ್ಯುತ್ ಚಿತಾಗಾರದ ಬಾಗಿಲಲ್ಲಿ ಅಲ್ಲಿನ ಕೆಲಸದವನು ಲಿಫ್ಟಣ್ಣನ ಎದೆಯ ಮೇಲಿಟ್ಟಿದ್ದ ಹಸಿರು ಗಗನನೌಕೆಯನ್ನು ಮೆಲ್ಲಗೆ ತೆಗೆದು ಅವಳ ಕೈಗೇ ಕೊಟ್ಟ. "ಪ್ಲಾಸ್ಟಿಕ್ ಒಳಗೆ ಬಿಡಲ್ಲಮ್ಮ. ತಪ್ಪು ತಿಳ್ಕೋಬೇಡಿ." ಅವಳು ತಲೆಯಾಡಿಸಿದಳು. ದುಃಖವೋ ನೆಮ್ಮದಿಯೋ ಅವಳಿಗೇ ಬಗೆಹರಿಯಲಿಲ್ಲ.

ಕಾಯುವವರ ಹಜಾರದಲ್ಲಿ ಎದುರುಬದುರು ಬೆಂಚುಗಳು. ಆ ಕಡೆ ಇನ್ನೊಂದು ಸಾವಿನ ಮನೆಯವರು ಕೂತಿದ್ದರು. ಕೈಯಲ್ಲಿದ್ದದ್ದನ್ನು ಎಲ್ಲಿಡಬೇಕೆಂದು ತಿಳಿಯದೆ ಅವಳು ಬಗ್ಗಿ ನೆಲಕ್ಕೆ ಒತ್ತಿ ಇಟ್ಟಳು, ಯಾರೂ ಎಡವದಿರಲಿ ಎಂದು ತನ್ನ ಕಡೆಗೆ ತುಸು ಎಳೆದುಕೊಂಡಳು. ಅದರೊಳಗೆ ಕೀಲಿ ಸುತ್ತಿಕೊಂಡಂತೆ ಏನೋ ಕರಕರ ಎಂದಿತು. ಗಾಬರಿಯಾಗಿ ಕೈ ತೆಗೆದಳು.

ಅದು ಓಡಿತು. ಮೊದಲು ಕಂಬ ತನ್ನ ಉದ್ದನೆಯ ಕಾಲುಗಳನ್ನೆತ್ತಿದ, ಆಮೇಲೆ ನಾದಿನಿ, ಮಗಳು, ಪಕ್ಕದ ಮನೆಯಾಕೆ. ಅದು ಗೋಡೆಗೆ ತಾಗಿ ತಿರುಗಿಕೊಂಡು ಎದುರಿನ ಸಾಲಿಗೆ ನುಗ್ಗಿದಾಗ ಗುರುತಿಲ್ಲದವರೂ ಅಳು ನಿಲ್ಲಿಸಿ ಒಬ್ಬೊಬ್ಬರಾಗಿ ಕಾಲೆತ್ತಿ ದಾರಿ ಬಿಟ್ಟರು. ಅವಳು ಮಂಡಿಯೂರಿ, ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿ, ಅಷ್ಟೂ ಜನರ ಎತ್ತಿದ ಕಾಲುಗಳ ಕೆಳಗೆ ಅದು ಹೋಗಿ ಹೋಗಿ ನಿಲ್ಲುವವರೆಗೂ ನೋಡುತ್ತಲೇ ಇದ್ದಳು.