ಪಿಸ್ಟನ್ ಇಲ್ಲದ ಎಂಜಿನ್ನಿನ ಬಾಳಿಕೆ

ಸಮಸ್ತ ಮಹಾಜನಗಳಿಗೆ ತಿಳಿಯಪಡಿಸುವುದೇನೆಂದರೆ, ಮಂಡ್ಯದಲ್ಲಿ ಎಂಜಿನ್ ಪಾಠ ಹೇಳುವ ಅನಂತರಾಮು ಮೇಷ್ಟ್ರು ನಿಡಘಟ್ಟದಲ್ಲಿ ಬಸ್ಸಿನಿಂದ ಇಳಿದರು.

ಇದೂ ಒಂದು ಸುದ್ದಿಯೇ ಅನ್ನಬೇಡಿ. ಚನ್ನಪಟ್ಟಣದ ಮಾವನ ಮನೆಗೆ ಹೋಗುವಾಗಲೆಲ್ಲ, ಬಸ್ಸು ನಿಡಘಟ್ಟದಲ್ಲಿ ನಿಂತ ತಕ್ಷಣ ಅವರ ಚಪ್ಪಲಿ ಸೀಟಿನಡಿ ಕಳೆದುಹೋಗುತ್ತಿತ್ತು. ಬಗ್ಗಿ ಹುಡುಕುತ್ತಿದ್ದವರು ಊರು ದಾಟಿದ ಮೇಲೇ ತಲೆಯೆತ್ತುತ್ತಿದ್ದರು. ಹೀಗೆ ಒಂದು ವರ್ಷ.

ಕಾರಣ, ಆ ಊರಿನ ಜವರಯ್ಯ. ಪೆಟ್ರೋಲ್ ಬೆಲೆ ಮುಗಿಲು ಮುಟ್ಟಿದ್ದ ಎಪ್ಪತ್ತನಾಲ್ಕರಲ್ಲಿ ಈ ರೈತ ಮೇಷ್ಟ್ರನ್ನು ನಂಬಿ, ತನ್ನ ಆಲೆಮನೆಯ ಗಾಣಕ್ಕೆ ಅವರ ಎಂಜಿನ್ ಕೂರಿಸಿಕೊಂಡ. ಎಲ್ಲಿಂದಲೋ ತಂದ ವಿದೇಶಿ ಮಾಲು. ಅದರೊಳಗೆ ಪಿಸ್ಟನ್ ಮೇಲೆ ಕೆಳಗೆ ಕುಣಿಯುವುದಿಲ್ಲ, ಮೂರು ಮೂಲೆಯ ತಿರುಗಣೆಯೊಂದು ಗಿರಗಿರನೆ ಸುತ್ತುತ್ತದೆ. ಮೇಷ್ಟ್ರು ಅದನ್ನು ಸೀಮೆಎಣ್ಣೆಗೆ ಒಗ್ಗಿಸಿದ್ದರು. ಒಗ್ಗಿದ್ದು ಮೇಷ್ಟ್ರಿಗೆ, ಎಂಜಿನ್ನಿಗಲ್ಲ. ಮೂಲೆಗಳಿಗೆ ಹೊಂದಿಸಿದ ಪಟ್ಟಿಗಳು ಸವೆದು, ಕಬ್ಬು ಕಡಿದು ರಾಶಿ ಹಾಕಿದ್ದಾಗಲೇ ನಿಂತಿತು. ಕಬ್ಬಿನ ಹಾಲು ಹುಳಿಯಿತು, ಬೆಲ್ಲ ಕಪ್ಪಾಯಿತು, ಮಂಡಿಯಲ್ಲಿ ಜವರಯ್ಯ ನಗೆಪಾಟಲಾದ. ಮೇಷ್ಟ್ರಿಗೆ ಮಾತ್ರ ಒಂದು ಮಾತೂ ಅನ್ನಲಿಲ್ಲ. ಆ ಆಡದ ಮಾತಿಗೆ ಹೆದರಿಯೇ ಅವರು ಸೀಟಿನಡಿ ಬಗ್ಗುತ್ತಿದ್ದದ್ದು.

ಈಗ ಮೇಷ್ಟ್ರು ಎಂಜಿನ್ನಿನ ಬಾಳಿಕೆಗೆ ದಾರಿ ಕಂಡಿದ್ದರು. ಪಟ್ಟಿಗಳನ್ನು ಗಟ್ಟಿ ಕಾರ್ಬನ್ನಿನಲ್ಲಿ ಮಾಡಿಸಿ, ಸೀಮೆಎಣ್ಣೆಗೆ ಒಂದಿಷ್ಟು ಎಂಜಿನ್ ಎಣ್ಣೆ ಬೆರೆಸಿ, ತಂಪಿಗೆ ಕಾಲುವೆ ನೀರು ಹರಿಸಿದರು. ಜವರಯ್ಯ ಮತ್ತೆ ಗಾಣ ಬಿಟ್ಟುಕೊಟ್ಟ. ಎಂಜಿನ್ ವಾರವಿಡೀ ಓಡಿತು, ಬೆಲ್ಲ ಹೊಂಬಣ್ಣಕ್ಕೆ ಬಂತು.

ಮುಂದೆ ಓಡಲು ಸೀಮೆಎಣ್ಣೆ ಪರ್ಮಿಟ್ಟು ಬೇಕು. ಅದಕ್ಕೆಂದು ಮದ್ದೂರಿನಿಂದ ಚಲುವನಾರಾಯಣ ಎಂಬ ಅಧಿಕಾರಿ ಬಂದರು. ಮೇಷ್ಟ್ರು ಉತ್ಸಾಹದಲ್ಲಿ ಊರವರೆದುರೇ ಎಂಜಿನ್ ಬಿಚ್ಚಿ ಹರಡಿ, ಪಟ್ಟಿಗಳಲ್ಲಿ ಒಂದು ಗೀರೂ ಇಲ್ಲವೆಂದು ಕೈಯಲ್ಲಿ ಹಿಡಿದು ತೋರಿಸಿದರು. ಜವರಯ್ಯ ಮೀಸೆಯಡಿ ನಕ್ಕ. ಮೇಷ್ಟ್ರು ವರ್ಷದ ಮೇಲೆ ಬೆನ್ನು ನೆಟ್ಟಗೆ ಮಾಡಿದರು.

ಅಧಿಕಾರಿ ಅಳತೆ ಟೇಪು ತೆಗೆದರು. ಸೀಮೆಎಣ್ಣೆ ಕೊಡುವುದು ಅಶ್ವಶಕ್ತಿಯ ಲೆಕ್ಕದಲ್ಲಿ, ಅಶ್ವಶಕ್ತಿ ಕಟ್ಟುವುದು ಪಿಸ್ಟನ್ನಿನ ಅಗಲದ ಲೆಕ್ಕದಲ್ಲಿ. ಪಿಸ್ಟನ್ ಎಷ್ಟು ಅಗಲ ಎಂದು ಕೇಳಿದರು.

ಜವರಯ್ಯ ಮೇಷ್ಟ್ರ ಕಿವಿಗೆ ಬಾಗಿದ. “ಒಂದ್ ಗೇಣು ಅಂತ ಅಂದ್ಬುಡಿ ಮೇಷ್ಟ್ರೇ. ಯಾರ್ ನೋಡಾಕ್ ಬತ್ತಾರೆ?”

ಜೀವನದಲ್ಲಿ ಒಂದು ನೂಲಿನಷ್ಟೂ ಅಳತೆ ತಪ್ಪದ ಮೇಷ್ಟ್ರು, “ನಾಲ್ಕು ಅಂಗುಲ” ಎಂದುಬಿಟ್ಟರು.

“ಎಲ್ಲಿ, ತೋರ್ಸಿ.”

ಬಿಚ್ಚಿದ ಎಂಜಿನ್ ಊರೆದುರು ಬಾಯಿ ತೆರೆದುಕೊಂಡು ಕೂತಿತ್ತು. ಮುಚ್ಚಿಟ್ಟಿದ್ದರೆ ಸುಳ್ಳಾದರೂ ಬಾಳುತ್ತಿತ್ತು. ಮೇಷ್ಟ್ರ ಬೆರಳು ತಿರುಗಣೆಯ ಕಡೆಗೆ ಹೋಗಿ, ಅರ್ಧದಲ್ಲೇ ನಿಂತಿತು. ಪಾಠ ಹೇಳೋರು ಹಿಂಗಾ ಮಾತಾಡೋದು ಅಂತ ಅಧಿಕಾರಿ ಮೆತ್ತಗೇ ಕೇಳಿದರು. ಹಿಂದೆ ಯಾರೋ ಕಿಸಕ್ಕಂದರು.

ಜವರಯ್ಯ ಮುಂದೆ ಬಂದ. “ಅವ್ರ್ನ ಏನೂ ಅನ್ಬ್ಯಾಡಿ ಸಾ. ಸುಳ್ಳೇಳಿ ಅಂದೋನು ನಾನು. ಪಾಪ, ಅವ್ರಿಗದು ಬರಾಕಿಲ್ಲ.”

ಮೇಷ್ಟ್ರಿಗೆ ಆ ಕಾಲುವೆ ಇನ್ನಷ್ಟು ಆಳವಿರಬಾರದಿತ್ತೇ ಅನ್ನಿಸಿತು.

ಅಧಿಕಾರಿ ಬರೆದುಕೊಂಡರು: ಎಂಜಿನ್ ಸುಸ್ಥಿತಿಯಲ್ಲಿದೆ, ಪಿಸ್ಟನ್ ಇಲ್ಲ, ಅಶ್ವಶಕ್ತಿ ಸೊನ್ನೆ, ಸೀಮೆಎಣ್ಣೆ ಸೊನ್ನೆ. ಇದಕ್ಕೆ ಎಂಜಿನ್ ವಿಷಯ ತಿಳಿದ ಒಬ್ಬರ ಸಾಕ್ಷಿ ರುಜು ಬೇಕಿತ್ತು. ಸುತ್ತಮುತ್ತ ನೋಡಿ, ಪೆನ್ನನ್ನು ಮೇಷ್ಟ್ರ ಕಡೆಗೇ ಚಾಚಿದರು.